ಒಂದು ಚೊಂಬು ನೀರು, ಹತ್ತು ಲೋಟ: ಇಂಗ್ಲಿಷ್ ತರಗತಿಯಲ್ಲಿ ನ್ಯಾಯದ ಪ್ರಶ್ನೆ ಕೇಳುವ ಬಗೆ

ಒಂಬತ್ತನೆಯ ತರಗತಿಯ ಕರಿಹಲಗೆಯ ಮೇಲೆ ‘ಫೇರ್’ ಎಂದು ಬರೆದು ಅರ್ಥ ಕೇಳಿದೆ. ಮೂರನೆಯ ಬೆಂಚಿನ ಹುಡುಗಿ ಥಟ್ಟನೆ ಎದ್ದು, ‘ಬೆಳ್ಳಗಿರುವುದು, ಮೇಡಂ’ ಎಂದಳು. ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತು ಅವಳಿಗೆ ಕಲಿಸಿದ ಅರ್ಥ ಅದು, ತಪ್ಪೇನೂ ಅಲ್ಲ. ದುಗ್ಗಮ್ಮನ ಜಾತ್ರೆಗೆ ಇನ್ನೆರಡು ವಾರವಿತ್ತು. ಹಾಗಾಗಿ ಇನ್ನೊಬ್ಬ ‘ಜಾತ್ರೆ’ ಎಂದ. ‘ಫೇರ್ ಕಾಪಿ’ ಎಂದಳು ಮತ್ತೊಬ್ಬಳು. ನ್ಯಾಯ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾನು ಮನೆಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳನ್ನು ಹಾಗೆಯೇ ಕೇಳಿಬಿಟ್ಟೆ: ನ್ಯಾಯ ಎಂದರೇನು, ಒಳ್ಳೆಯ ನಾಯಕ ಎಂದರೆ ಯಾರು. ಎರಡೂ ಇಂಗ್ಲಿಷಿನಲ್ಲಿ. ನಲವತ್ತೆರಡು ಮಕ್ಕಳು ಬಾಯಿ ಹೊಲಿದುಕೊಂಡವರಂತೆ ಕುಳಿತರು.

ಚಿತ್ರದುರ್ಗ ನನ್ನ ತವರು. ಕೆಲಸ ದಾವಣಗೆರೆ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ. ಭದ್ರಾ ನಾಲೆಯ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಕೊನೆ ಭಾಗದ ಊರು ಅದು. ಹದಿನೇಳು ವರ್ಷಗಳಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಅವರಿಗೆ ಮಾತು ಬರುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಬಿಸಿಯೂಟದ ಸಾಲಿನಲ್ಲಿ ಒಬ್ಬ ನುಸುಳಿದರೆ ಇದೇ ಮಕ್ಕಳು ವಕೀಲರ ಹಾಗೆ ವಾದಿಸುತ್ತಾರೆ. ಆ ವಾದ ಇಂಗ್ಲಿಷಿನಲ್ಲಿ ಹೊರಬರಬೇಕಾದರೆ ನಾವು ಏನೇನು ಸಿದ್ಧಮಾಡಿಕೊಡಬೇಕು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಸೇರಿದ ಶಿಕ್ಷಕರಿಗೆ ಇದರಿಂದ ಒಂದೆರಡು ವರ್ಷವಾದರೂ ಉಳಿಯಲಿ.

ಮೊದಲು ಪದ, ಆಮೇಲೆ ಪ್ರಶ್ನೆ. ‘ಫೇರ್’ ಪದವನ್ನು ನಾನು ಈಗ ನಿಘಂಟಿನಿಂದ ಶುರುಮಾಡುವುದಿಲ್ಲ, ನಮ್ಮೂರಿನ ಪಡಿತರ ಅಂಗಡಿಯಿಂದ ಶುರುಮಾಡುತ್ತೇನೆ. ಅದರ ಫಲಕದ ಮೇಲೆ ‘ನ್ಯಾಯಬೆಲೆ ಅಂಗಡಿ’ ಎಂದಿದೆ. ಅಲ್ಲಿ ಚೀಲ ಹಿಡಿದು ಅಜ್ಜಿಯ ಜೊತೆ ನಿಲ್ಲದ ಮಗು ನಮ್ಮ ಶಾಲೆಯಲ್ಲಿಲ್ಲ. ಇಂಗ್ಲಿಷಿನಲ್ಲಿ ಅದು ‘ಫೇರ್ ಪ್ರೈಸ್ ಶಾಪ್’. ಬೆಲೆಗೆ ನ್ಯಾಯ ಎಲ್ಲಿಂದ ಬಂತು ಎಂದು ಕನ್ನಡದಲ್ಲೇ ಕೇಳಿ ಬಿಡುತ್ತೇನೆ. ‘ಎಲ್ಲರಿಗೂ ಒಂದೇ ಅಳತೆ’ ಎನ್ನುತ್ತಾರೆ. ‘ತೂಕದಲ್ಲಿ ಮೋಸ ಇರಬಾರದು’ ಎನ್ನುತ್ತಾರೆ. ‘ಸಾಲಿನಲ್ಲಿ ಮೊದಲು ನಿಂತವರಿಗೆ ಮೊದಲು ಕೊಡಬೇಕು’ ಎನ್ನುತ್ತಾರೆ. ಅಲ್ಲಿಗೆ ಅಳತೆ, ಪ್ರಾಮಾಣಿಕತೆ, ಸರದಿ ಎಂಬ ಮೂರು ಎಳೆಗಳು ಅವರ ಕೈಗೇ ಸಿಕ್ಕವು. ಅವಕ್ಕೆ ಇಂಗ್ಲಿಷ್ ಪದ ಕೊಡಲು ಐದು ನಿಮಿಷ ಸಾಕು.

‘ಲೀಡರ್’ ಪದದ ತೊಂದರೆ ಬೇರೆ ಬಗೆಯದು. ಅದು ಈಗಾಗಲೇ ಕನ್ನಡಕ್ಕೆ ಬಂದು ಪಕ್ಷದ ಮುಖಂಡರಿಗೂ ಕ್ಲಾಸ್ ಲೀಡರಿಗೂ ಅಂಟಿಕೊಂಡಿದೆ. ದುರ್ಗದ ಕಡೆ ನಾಯಕ ಎಂದರೆ ಮಕ್ಕಳಿಗೆ ಮದಕರಿ ನಾಯಕನೇ ಕಣ್ಣಮುಂದೆ ಬರುತ್ತಾನೆ. ಹಾಗಾಗಿ ನಾಯಕ, ಮುಖಂಡ, ಯಜಮಾನ, ಹಿರಿಯ, ಮುಂದಾಳು ಎಂದು ಐದು ಪದ ಬರೆಯುತ್ತೇನೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಆಟದ ಬಯಲಿನಲ್ಲಿ ಯಾರು ಯಾವುದು ಎಂದು ಕೇಳುತ್ತೇನೆ. ‘ಯಜಮಾನ ನಮ್ಮಪ್ಪ, ಮುಂದಾಳು ನಮ್ಮಮ್ಮ’ ಎಂದು ಒಬ್ಬ ಹುಡುಗ ಹೇಳಿದ್ದನ್ನು ನಾನು ಮರೆತಿಲ್ಲ. ಆ ವಾಕ್ಯ ಅವನಿಗೆ ಕನ್ನಡದಲ್ಲಿ ಹೊಳೆದದ್ದು. ಕನ್ನಡ ಆಡಬಾರದು ಎಂದು ನಿಯಮ ಮಾಡಿದ್ದರೆ ಅದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ತರಗತಿಯಲ್ಲಿ ಕನ್ನಡ ಬಳಸಿದರೆ ಇಂಗ್ಲಿಷ್ ಕೆಡುತ್ತದೆ ಎನ್ನುವವರ ಜೊತೆ ನಾನು ಇಂದಿಗೂ ವಾದಕ್ಕೆ ನಿಲ್ಲುತ್ತೇನೆ.

ಇನ್ನು ಪ್ರಶ್ನೆಯ ಆಯ್ಕೆ. ನನ್ನ ಒರೆಗಲ್ಲು ಒಂದೇ: ಉತ್ತರದಿಂದ ಮಗುವಿಗೆ ಲಾಭವೋ ನಷ್ಟವೋ ಆಗುವಂತಿರಬೇಕು, ಅದೇ ತರಗತಿಯಲ್ಲಿ ಎದುರು ಪಕ್ಷವೂ ಇರಬೇಕು. ‘ನ್ಯಾಯ ಎಂದರೇನು’ ಎಂಬ ಪ್ರಶ್ನೆಗೆ ಎದುರು ಪಕ್ಷವಿಲ್ಲ. ‘ನಾಲೆಯ ನೀರು ಮೊದಲು ಯಾರಿಗೆ’ ಎಂಬುದಕ್ಕೆ ಇದೆ. ಅಮ್ಮಂದಿರ ತವರು ಮೇಲಿನ ಊರುಗಳಲ್ಲಿರುವ ಮಕ್ಕಳೂ ನಮ್ಮಲ್ಲಿದ್ದಾರೆ.

ಈ ಪಾಠವನ್ನು ನಾನು ನೀರಿನಿಂದಲೇ ಮಾಡುತ್ತೇನೆ. ಹತ್ತು ಮಕ್ಕಳು ಬಾಗಿಲಿನಿಂದ ಕಿಟಕಿಯವರೆಗೆ ಸಾಲಾಗಿ ನಿಲ್ಲುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಬಿಸಿಯೂಟದ ಸ್ಟೀಲ್ ಲೋಟ. ಬಾಗಿಲು ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಕಿಟಕಿ ನಮ್ಮೂರು. ಮೊದಲನೆಯವಳ ಕೈಗೆ ಒಂದು ಚೊಂಬು ನೀರು ಕೊಟ್ಟು, ‘ನಿನಗೆ ಬೇಕಾದಷ್ಟು ತೆಗೆದುಕೊಂಡು ಮುಂದಕ್ಕೆ ದಾಟಿಸು’ ಎನ್ನುತ್ತೇನೆ. ಅವಳು ಲೋಟ ತುಂಬಿಸಿಕೊಳ್ಳುತ್ತಾಳೆ. ಎರಡನೆಯವನೂ ತುಂಬಿಸಿಕೊಳ್ಳುತ್ತಾನೆ. ನಾಲ್ಕನೆಯವನ ಲೋಟ ತುಳುಕಿ ನೆಲಕ್ಕೆ ಚೆಲ್ಲುತ್ತದೆ. ಆಗ ಕಿಟಕಿಯ ಕಡೆಯಿಂದ ಮೊದಲ ಕೂಗು ಏಳುತ್ತದೆ. ಆರನೆಯವಳಿಗೆ ಬರುವುದು ತಳದ ಗುಟುಕು. ಏಳನೆಯವನು ಚೊಂಬನ್ನು ಬೋರಲು ಹಾಕಿ ಅಲ್ಲಾಡಿಸಿ ನನ್ನ ಮುಖ ನೋಡುತ್ತಾನೆ. ಕೊನೆಯ ನಾಲ್ವರು ಒಣ ಲೋಟ ಹಿಡಿದು ನಿಂತಿರುತ್ತಾರೆ. ಆಗ ನಾನು ಕೇಳುವುದು ಎರಡೇ ಎರಡು ಪ್ರಶ್ನೆ: ‘ಈಸ್ ದಿಸ್ ಫೇರ್?’ ‘ವಾಟ್ ಶುಡ್ ವಿ ಚೇಂಜ್?’

ಮಳೆಗಾಲ ಬಂತೆಂದರೆ ಜಲಾಶಯದ ಮಟ್ಟ ಅದು ತುಂಬುವ 186 ಅಡಿ ಮುಟ್ಟಿತೋ ಇಲ್ಲವೋ ಎಂದು ದಿನವೂ ಪತ್ರಿಕೆ ನೋಡುವ ಮನೆಗಳ ಮಕ್ಕಳು ಇವರು. ಬೇಸಿಗೆಯಲ್ಲಿ ನಾಲೆಗೆ ಇಷ್ಟು ದಿನ ನೀರು, ಇಷ್ಟು ದಿನ ಇಲ್ಲ ಎಂಬ ಸರದಿಯ ಲೆಕ್ಕವೂ, ಮೇಲಿನವರು ಪಂಪ್‌ಸೆಟ್ ಇಟ್ಟು ಎಳೆದರೆ ಕೆಳಗಿನವರ ಪೈರು ಒಣಗುವ ಕಥೆಯೂ ಅವರಿಗೆ ಬಾಯಿಪಾಠ. ವಿಷಯ ಗೊತ್ತಿದೆ, ಸಿಟ್ಟೂ ಇದೆ. ಅವರು ಹೊರಬೇಕಾದದ್ದು ಇಂಗ್ಲಿಷ್ ಭಾಷೆಯ ಭಾರವನ್ನು ಮಾತ್ರ.

ಎರಡನೆಯ ಸುತ್ತಿನಲ್ಲಿ ಮಕ್ಕಳೇ ನಿಯಮ ಬದಲಿಸುತ್ತಾರೆ. ಕಿಟಕಿಯಿಂದ ಶುರುಮಾಡೋಣ ಎನ್ನುತ್ತಾರೆ. ಆಗ ಬಾಗಿಲಿನವರು ಕೂಗುತ್ತಾರೆ. ಎಲ್ಲರಿಗೂ ಅರ್ಧ ಲೋಟ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು ಎಂದು ಅವರು ಅಂದುಕೊಳ್ಳುವ ಹೊತ್ತಿಗೆ ನಾನು ಮೂರು ಚೀಟಿ ಹಂಚುತ್ತೇನೆ. ಎರಡನೆಯವನ ತೋಟದಲ್ಲಿ ಕೊಳವೆಬಾವಿ ಇದೆ. ಐದನೆಯವಳದ್ದು ಅಡಿಕೆ. ಒಂಬತ್ತನೆಯವನ ಭತ್ತ ತೆನೆ ಕಟ್ಟುತ್ತಿದೆ, ಹದಿನೈದು ದಿನ ನೀರಿಲ್ಲದಿದ್ದರೆ ಜೊಳ್ಳಾಗುತ್ತದೆ. ಈಗಲೂ ಎಲ್ಲರಿಗೂ ಅರ್ಧ ಲೋಟವೇ ನ್ಯಾಯವೇ? ಸಮ ಬೇರೆ, ನ್ಯಾಯ ಬೇರೆ ಎಂಬ ಮಾತನ್ನು ನಾನು ಹೇಳಿಕೊಡಬೇಕಾಗಿ ಬಂದದ್ದೇ ಇಲ್ಲ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗ ‘ಐದು ಬೆರಳೂ ಸಮ ಇರುತ್ತವೆಯೇ, ಮೇಡಂ’ ಎಂದ. ಇಂಗ್ಲಿಷಿನಲ್ಲಿ ಹೇಳು ಎಂದೆ. ‘ಆಲ್ ಫೈವ್ ಫಿಂಗರ್ಸ್ ಆರ್ ನಾಟ್ ಈಕ್ವಲ್, ಬಟ್ ಆಲ್ ಫೈವ್ ವಾಂಟ್ ವಾಟರ್’ ಎಂದ. ಗಾದೆಗೆ ಅವನೇ ಸೇರಿಸಿದ ಆ ಬಾಲ ನನಗೆ ಬಹಳ ಇಷ್ಟವಾಯಿತು. ಹಲಗೆಯ ಮೂಲೆಯಲ್ಲಿ ಅದನ್ನು ಒಂದು ವಾರ ಅಳಿಸದೆ ಬಿಟ್ಟಿದ್ದೆ.

ಅವನ ‘ವಾಂಟ್’ ಎಂಬ ಪದದಲ್ಲಿ ಇಡೀ ವ್ಯಾಕರಣ ಪಾಠವೇ ಅಡಗಿದೆ. ನಮ್ಮ ‘ಬೇಕು’ ಎಷ್ಟು ಕೆಲಸ ಮಾಡುತ್ತದೆ ನೋಡಿ. ‘ನೀರು ಬೇಕು’ ಎಂದರೆ ಆಸೆಯೂ ಆಗಬಹುದು, ಅಗತ್ಯವೂ ಆಗಬಹುದು. ‘ನೀರು ಕೊಡಬೇಕು’ ಎಂದರೆ ಕೊಡುವುದು ಒಳ್ಳೆಯದು ಎಂದೂ ಆಗುತ್ತದೆ, ಕೊಡದೆ ವಿಧಿಯಿಲ್ಲ ಎಂದೂ ಆಗುತ್ತದೆ. ಇಂಗ್ಲಿಷ್ ಇದನ್ನು ವಾಂಟ್, ನೀಡ್, ಶುಡ್, ಮಸ್ಟ್ ಎಂದು ನಾಲ್ಕು ಮನೆಗಳಿಗೆ ಹಂಚಿದೆ. ನ್ಯಾಯದ ಚರ್ಚೆ ನಿಲ್ಲುವುದೇ ಈ ನಾಲ್ಕು ಕಾಲುಗಳ ಮೇಲೆ. ಅಡಿಕೆಯವಳಿಗೆ ನೀರು ಆಸೆಯೋ, ಅಗತ್ಯವೋ? ಬಾಗಿಲಿನವಳು ಬಿಟ್ಟುಕೊಟ್ಟರೆ ಅದು ದೊಡ್ಡತನವೋ, ಕರ್ತವ್ಯವೋ? ವ್ಯಾಕರಣದ ಪುಸ್ತಕದಲ್ಲಿ ಒಣಗಿ ಕುಳಿತ ‘ಶುಡ್’ ಮತ್ತು ‘ಮಸ್ಟ್’ ನಡುವಿನ ಅಂತರಕ್ಕಾಗಿ ಮಕ್ಕಳು ಇಲ್ಲಿ ಜಗಳವಾಡುತ್ತಾರೆ. ಹಾಗೆ ಜಗಳವಾಡಿ ಕಲಿತ ಪದ ಪರೀಕ್ಷೆಯ ಮರುದಿನ ಮರೆತುಹೋಗುವುದಿಲ್ಲ.

ನಲವತ್ತು ನಿಮಿಷದ ಅವಧಿಯನ್ನು ನಾನು ಹಂಚುವ ಬಗೆ ಹೀಗಿದೆ. ಚೊಂಬಿನ ಆಟ ಹತ್ತು ನಿಮಿಷ. ಪ್ರಶ್ನೆ ಕೇಳಿದ ಮೇಲೆ ಒಂದು ನಿಮಿಷ ಯಾರೂ ಮಾತಾಡುವಂತಿಲ್ಲ, ನಾನೂ ಸೇರಿ. ಈ ಮೌನ ಬಹಳ ಮುಖ್ಯ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೂ ಕಾಯದೆ ಮುಂದಕ್ಕೆ ಹೋಗುತ್ತಿರುವುದು ಕಂಡುಬಂತು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಅದು ಮಾತೃಭಾಷೆಯಲ್ಲಿ ಕಲಿಯುವವರ ಲೆಕ್ಕ. ನಮ್ಮ ಮಗು ಕನ್ನಡದಲ್ಲಿ ಯೋಚಿಸಿ, ಕೊನೆಯಲ್ಲಿರುವ ಕ್ರಿಯಾಪದವನ್ನು ಕಿತ್ತು ನಡುವೆ ನೆಟ್ಟು, ಆಮೇಲೆ ಬಾಯಿ ತೆರೆಯಬೇಕು. ಅದಕ್ಕೆ ಒಂದು ನಿಮಿಷ ದುಬಾರಿಯೇನಲ್ಲ.

ಮೌನದ ನಂತರ ಪಕ್ಕದವರ ಜೊತೆ ಮೂರು ನಿಮಿಷ ಕನ್ನಡದಲ್ಲಿ ಮಾತು. ಆಮೇಲೆ ಇಬ್ಬರೂ ಸೇರಿ ಇಂಗ್ಲಿಷಿನಲ್ಲಿ ಒಂದೇ ಒಂದು ವಾಕ್ಯ ಬರೆಯಬೇಕು. ಬರೆದದ್ದನ್ನು ನೋಡಿಕೊಂಡು ಓದಿದರೂ ಸರಿ. ಯೋಚಿಸು, ಜೊತೆಗಾರರಿಗೆ ಹೇಳು, ಎಲ್ಲರಿಗೆ ಹೇಳು ಎಂಬ ಈ ಕ್ರಮವನ್ನು ಫ್ರಾಂಕ್ ಲೈಮನ್ 1981ರಲ್ಲಿ ಬರೆದಿಟ್ಟರು. ಬರೆಯುವ ಮೆಟ್ಟಿಲು ನಾನು ಸೇರಿಸಿಕೊಂಡದ್ದು. ಇಬ್ಬರ ವಾಕ್ಯವಾದ್ದರಿಂದ ತಪ್ಪಿನ ನಾಚಿಕೆಯೂ ಅರ್ಧವಾಗುತ್ತದೆ.

ಗೋಡೆಯ ಮೇಲೆ ನಾಲ್ಕು ಅರ್ಧ ವಾಕ್ಯಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ‘ಐ ಥಿಂಕ್ ಇಟ್ ಈಸ್ ಫೇರ್ ಬಿಕಾಸ್’, ‘ಐ ಡೋಂಟ್ ಥಿಂಕ್ ಇಟ್ ಈಸ್ ಫೇರ್ ಬಿಕಾಸ್’, ‘ಎ ಗುಡ್ ಲೀಡರ್ ಶುಡ್’, ‘ಐ ಹರ್ಡ್ ಯು ಸೇ’. ಕೊನೆಯದು ಎದುರಿನವರು ಹೇಳಿದ್ದನ್ನು ಮೊದಲು ತಾನು ಹೇಳಿ, ಆಮೇಲೆ ಒಪ್ಪಲು ಅಥವಾ ಒಪ್ಪದಿರಲು. ನಾಲ್ಕಕ್ಕಿಂತ ಹೆಚ್ಚು ಅಂಟಿಸಬೇಡಿ. ನಾನು ಒಮ್ಮೆ ಹದಿನಾರು ಅಂಟಿಸಿದ್ದೆ. ಮಕ್ಕಳು ಗೋಡೆ ಓದುವುದರಲ್ಲೇ ಮುಳುಗಿದರು. ‘ಬಿಕಾಸ್’ ಮಾತ್ರ ಬಿಡಬಾರದು. ಕಾರಣ ಬಾರದೆ ಯಾರ ಮಾತೂ ಮುಗಿದಂತಲ್ಲ.

ತಪ್ಪು ತಿದ್ದುವ ವಿಷಯಕ್ಕೆ ಬರುತ್ತೇನೆ. ಕಿಟಕಿಯ ಪಕ್ಕದ ಹುಡುಗಿ ಒಮ್ಮೆ ಒಣ ಲೋಟವನ್ನು ಎದೆಗೊತ್ತಿಕೊಂಡು ಹೇಳಿದ ವಾಕ್ಯ ಇದು: ‘ಲಾಸ್ಟ್ ವಿಲೇಜ್ ಫಾರ್ಮರ್ ಆಲ್ಸೊ ಫಾರ್ಮರ್ ನೋ, ಮೇಡಂ.’ ಕೊನೆಯ ಊರಿನ ರೈತನೂ ರೈತನೇ ಅಲ್ಲವೇ ಎಂಬ ಕನ್ನಡ ವಾಕ್ಯ ಇಂಗ್ಲಿಷ್ ಬಟ್ಟೆ ತೊಟ್ಟು ನಿಂತಿದೆ. ಕ್ರಿಯಾಪದವಿಲ್ಲ. ನಮ್ಮ ‘ಊ’ ಪ್ರತ್ಯಯ ‘ಆಲ್ಸೊ’ ಆಗಿದೆ, ‘ಅಲ್ಲವೇ’ ಎಂಬುದು ‘ನೋ’ ಆಗಿದೆ. ಆದರೂ ಆ ದಿನ ತರಗತಿಯಲ್ಲಿ ಅದಕ್ಕಿಂತ ಬಲವಾದ ವಾದ ಇನ್ನೊಂದು ಬರಲಿಲ್ಲ. ಅಲ್ಲೇ ತಡೆದು ತಿದ್ದಿದ್ದರೆ ಅವಳು ಕುಳಿತುಬಿಡುತ್ತಿದ್ದಳು. ನಾನು ತಲೆಯಾಡಿಸಿ, ‘ಯೆಸ್, ದ ಫಾರ್ಮರ್ ಇನ್ ದ ಲಾಸ್ಟ್ ವಿಲೇಜ್ ಈಸ್ ಎ ಫಾರ್ಮರ್ ಟೂ’ ಎಂದು ಅವಳ ಮಾತನ್ನೇ ತಿರುಗಿ ಹೇಳಿ, ಎದುರಿನವರ ಕಡೆ ನೋಡಿದೆ. ಅವಧಿಯ ಕೊನೆಯ ಐದು ನಿಮಿಷದಲ್ಲಿ ಅಂಥ ಮೂರು ವಾಕ್ಯಗಳನ್ನು, ಯಾರದೆಂದು ಹೇಳದೆ, ಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ ನೇರ್ಪಡಿಸುತ್ತೇವೆ. ಮೂರು ಸಾಕು.

ನಾಯಕತ್ವದ ಪ್ರಶ್ನೆಗಳಿಗೆ ನಾನು ನನ್ನ ತವರಿನ ಕೋಟೆಗೆ ಹೋಗುತ್ತೇನೆ. ಓಬವ್ವನ ಕಥೆ ಎಲ್ಲರಿಗೂ ಗೊತ್ತು: ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾನೆ, ನೀರಿಗೆ ಹೋದವಳು ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಾಣುತ್ತಾಳೆ, ಒನಕೆ ಹಿಡಿದು ನಿಲ್ಲುತ್ತಾಳೆ. ಕಥೆ ಗೊತ್ತಿರುವುದೇ ಇಲ್ಲಿನ ಅನುಕೂಲ. ಹೊಸ ಕಥೆ, ಹೊಸ ಭಾಷೆ ಎರಡನ್ನೂ ಒಟ್ಟಿಗೆ ಹೊರಿಸಬಾರದು. ನನ್ನ ಪ್ರಶ್ನೆ: ಓಬವ್ವನಿಗೆ ಪದವಿ ಇರಲಿಲ್ಲ, ಹಿಂದೆ ಸೈನ್ಯವಿರಲಿಲ್ಲ, ಯಾರಿಗೂ ಅಪ್ಪಣೆ ಕೊಡಲಿಲ್ಲ, ಅವಳು ಲೀಡರ್ ಹೌದೇ, ಅಲ್ಲವೇ? ತರಗತಿ ಸರಿಯಾಗಿ ಎರಡಾಗಿ ಸೀಳುತ್ತದೆ. ‘ಧೈರ್ಯ ಇದ್ದ ಮಾತ್ರಕ್ಕೆ ಲೀಡರ್ ಆಗುವುದಿಲ್ಲ, ಹಿಂದೆ ಬರುವವರು ಬೇಕು’ ಎಂದು ಒಂದು ಗುಂಪು. ‘ಊಟಕ್ಕೆ ಕುಳಿತ ಗಂಡನನ್ನು ಅವಳು ಕರೆಯಲಿಲ್ಲ, ತಾನೇ ತೀರ್ಮಾನ ಮಾಡಿದಳು, ಅದೇ ಲೀಡರ್ ಕೆಲಸ’ ಎಂದು ಇನ್ನೊಂದು. ಇಪ್ಪತ್ತು ನಿಮಿಷ ಸಾಲುವುದಿಲ್ಲ.

ಹತ್ತನೆಯ ತರಗತಿಗೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ತರುತ್ತೇನೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಮೌರ್ಯರ ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಆದರೆ ಆಜ್ಞೆಗೆ ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ. ಧರ್ಮದ ಹಾದಿಯಲ್ಲಿ ಶ್ರಮಿಸಿದ್ದರ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಚಿಕ್ಕವರಿಗೂ ದಕ್ಕುತ್ತದೆ ಎಂದು ಮುಂದೆ ಹೇಳುತ್ತದೆ. ಎರಡು ಪ್ರಶ್ನೆ ತಾವಾಗಿ ಹುಟ್ಟುತ್ತವೆ: ಅಪ್ಪಣೆ ಕೊಡುವವರು ಮೊದಲು ಕ್ಷೇಮ ಕೇಳಬೇಕೇ? ಚಿಕ್ಕವರೂ ದೊಡ್ಡ ಕೆಲಸ ಮಾಡಬಲ್ಲರು ಎಂದು ನಾಯಕನಾದವನು ಬಂಡೆಯ ಮೇಲೆ ಬರೆಸಿದರೆ ಸಾಕೇ, ಬೇರೇನಾದರೂ ಮಾಡಬೇಕೇ?

ಎಂಟನೆಯ ತರಗತಿಗೆ ಇಷ್ಟು ದೂರ ಹೋಗಬೇಕಿಲ್ಲ. ಶಿಕ್ಷಕರು ಇಲ್ಲದಾಗ ಗಲಾಟೆ ಮಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಹಲಗೆಯ ಮೇಲೆ ಬರೆಯುತ್ತಾನೆ, ತನ್ನ ಗೆಳೆಯನ ಹೆಸರು ಬಿಡುತ್ತಾನೆ. ಇದಕ್ಕೆ ಇಂಗ್ಲಿಷ್ ಹೇಗೋ ಬಂದೇ ಬರುತ್ತದೆ.

ಎಚ್ಚರ ತಪ್ಪಬಾರದ ಜಾಗವೂ ಇದೆ. ನಾಲ್ಕನೆಯ ವರ್ಷವಿರಬೇಕು, ಮನೆಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ ನ್ಯಾಯವಿದೆಯೇ, ನಿಮ್ಮ ಮನೆಯ ಉದಾಹರಣೆ ಕೊಡಿ ಎಂದು ಕೇಳಿದೆ. ಒಬ್ಬ ಹುಡುಗಿ ಎದ್ದು ನಿಂತು ಎರಡು ಪದ ಹೇಳಿ ಅಳತೊಡಗಿದಳು. ಅವಳ ಅಣ್ಣನ ಗೆಳೆಯರು ಅದೇ ತರಗತಿಯಲ್ಲಿದ್ದರು. ಸಂಜೆಯೊಳಗೆ ಮಾತು ಮನೆ ಮುಟ್ಟಿತು. ಅವಳು ಮೂರು ದಿನ ಶಾಲೆಗೆ ಬರಲಿಲ್ಲ. ಆ ಪ್ರಶ್ನೆ ಕೇಳಿದ್ದು ನನ್ನ ತಪ್ಪು, ಅವಳ ಮನೆಗೆ ಹೋಗಿ ಅವಳ ತಾಯಿಯ ಮುಂದೆ ಹಾಗೆಂದು ಒಪ್ಪಿಕೊಂಡೆ. ಅಂದಿನಿಂದ ಮನೆ, ಜಾತಿ, ಪಕ್ಷ ಈ ಮೂರನ್ನು ನೇರವಾಗಿ ಕೇಳುವುದಿಲ್ಲ. ಹಾಗೆಂದು ವಿಷಯವನ್ನು ಬಿಡುವುದೂ ಇಲ್ಲ. ‘ಒಂದೂರಿನಲ್ಲಿ ಒಬ್ಬ ಹುಡುಗಿ ಇದ್ದಳು, ಅವಳ ತಮ್ಮನಿಗೆ ಸೈಕಲ್ ಕೊಡಿಸಿದರು’ ಎಂದು ಮೂರನೆಯವರ ಕಥೆ ಮಾಡುತ್ತೇನೆ. ಆ ಹುಡುಗಿಯ ಪರವಾಗಿ ಯಾರು ಬೇಕಾದರೂ ಮಾತಾಡಬಹುದು, ತನ್ನದೆಂದು ಯಾರೂ ಹೇಳಬೇಕಿಲ್ಲ.

ಅಂಕದ ಬಗ್ಗೆ ಒಂದೇ ಮಾತು: ಅಭಿಪ್ರಾಯಕ್ಕೆ ಅಂಕ ಕೊಡಬೇಡಿ. ಕಾರಣ ಕೊಟ್ಟರೇ, ಎದುರಿನವರ ಮಾತನ್ನು ಕೇಳಿಸಿಕೊಂಡು ಉತ್ತರಿಸಿದರೇ ಎಂಬ ಎರಡನ್ನೇ ನಾನು ಗುರುತು ಹಾಕಿಕೊಳ್ಳುತ್ತೇನೆ. ನನ್ನ ಅಭಿಪ್ರಾಯ ಯಾವುದೆಂದು ಮಕ್ಕಳಿಗೆ ಮೊದಲೇ ತಿಳಿದರೆ ನಲವತ್ತೆರಡು ಬಾಯಿಂದಲೂ ಅದೇ ಬರುತ್ತದೆ.

ನ್ಯಾಯದ ಮಾತು ಕಲಿಸಿದ ಮೇಲೆ ಅದು ಒಂದು ದಿನ ನಮ್ಮ ಕಡೆ ತಿರುಗುತ್ತದೆ. ಎರಡು ವರ್ಷದ ಹಿಂದೆ, ಓಬವ್ವನ ಪಾಠದ ನಡುವೆ, ಕೊನೆಯ ಬೆಂಚಿನ ಹುಡುಗಿಯೊಬ್ಬಳು ಗೋಡೆಯ ಎರಡನೆಯ ವಾಕ್ಯವನ್ನು ಬೆರಳಿನಿಂದ ತೋರಿಸುತ್ತಾ ಎದ್ದು ನಿಂತಳು. ‘ಐ ಡೋಂಟ್ ಥಿಂಕ್ ಇಟ್ ಈಸ್ ಫೇರ್, ಬಿಕಾಸ್ ಯು ಆಸ್ಕ್ ಓನ್ಲಿ ಫ್ರಂಟ್ ಬೆಂಚ್.’ ತರಗತಿ ಉಸಿರು ಹಿಡಿದು ನನ್ನನ್ನು ನೋಡಿತು. ವಾಕ್ಯದಲ್ಲಿ ಒಂದು ಸಣ್ಣ ‘ದ’ ಬಿಟ್ಟರೆ ತಪ್ಪಿರಲಿಲ್ಲ. ಮಾತಿನಲ್ಲೂ ತಪ್ಪಿರಲಿಲ್ಲ. ಅವಳಿಗೆ ಧನ್ಯವಾದ ಹೇಳಿ, ಒಂದು ವಾರ ಹಾಜರಿ ಪುಸ್ತಕದ ಹಿಂಬದಿಯಲ್ಲಿ ನಾನು ಯಾರನ್ನು ಕೇಳಿದೆ ಎಂದು ಗೆರೆ ಹಾಕುತ್ತಾ ಬಂದೆ. ಮುಂದಿನ ಎರಡು ಬೆಂಚುಗಳ ಮಕ್ಕಳ ಹೆಸರಿನ ಮುಂದೆ ಮೂರು, ನಾಲ್ಕು ಗೆರೆಗಳಿದ್ದವು. ಎಚ್ಚರದಿಂದಿದ್ದ ಆ ವಾರದಲ್ಲೂ ಒಂಬತ್ತು ಮಕ್ಕಳ ಹೆಸರಿನ ಮುಂದೆ ಒಂದೂ ಇರಲಿಲ್ಲ.

ಈಗ ಮೇಜಿನ ಮೇಲೆ ಎರಡು ಬಿಸ್ಕತ್ತಿನ ಡಬ್ಬಿಗಳಿವೆ. ಒಂದರಲ್ಲಿ ಎಲ್ಲರ ಹೆಸರಿನ ಚೀಟಿ. ಎತ್ತಿದ ಚೀಟಿ ಎರಡನೆಯ ಡಬ್ಬಿಗೆ ಹೋಗುತ್ತದೆ; ಮೊದಲನೆಯದು ಬರಿದಾಗುವವರೆಗೆ ಅದು ಮರಳುವುದಿಲ್ಲ. ಉತ್ತರ ಹೊಳೆಯದಿದ್ದರೆ ‘ಪಾಸ್’ ಎನ್ನಬಹುದು, ಇನ್ನಿಬ್ಬರ ಮಾತು ಕೇಳಿ ಆಮೇಲೆ ಹೇಳಬೇಕು. ಮೊದಲ ದಿನ ಚೀಟಿ ಎತ್ತಲು ಅವಳನ್ನೇ ಕರೆದೆ. ಡಬ್ಬಿಗೆ ಕೈ ಹಾಕುವ ಮೊದಲು ಅವಳು ನಿಂತು, ‘ನಿಮ್ಮ ಹೆಸರು ಇದೆಯೇ, ಮೇಡಂ?’ ಎಂದು ಕೇಳಿದಳು. ಇರಲಿಲ್ಲ. ನಲವತ್ತಮೂರನೆಯ ಚೀಟಿ ಬರೆದು ಮಡಚಿ ಅವಳ ಕೈಗೇ ಕೊಟ್ಟೆ. ಅದು ಬಂದ ದಿನ ಪ್ರಶ್ನೆ ಮಕ್ಕಳದು. ನಾನು ಗೋಡೆಯ ನಾಲ್ಕು ವಾಕ್ಯಗಳಲ್ಲಿ ಒಂದನ್ನು ಹಿಡಿದು, ಕಾರಣ ಕೊಟ್ಟು ಉತ್ತರಿಸಬೇಕು.